ಗುಂಡಿ ತೋಡುವ ಮನೆಯವರಿಗೂ ಒಂದು ದರಪಟ್ಟಿ ಬೇಕು

ತಾಲ್ಲೂಕು ಆಸ್ಪತ್ರೆಗಳ ಎದುರಿಗೆ ಈಗ ಹೊಸ ಬಗೆಯ ಅಂಗಡಿಗಳು ಕಾಣುತ್ತಿವೆ. ಬೋರ್ಡಿನ ಮೇಲೆ ‘ಅಂತ್ಯಕ್ರಿಯೆ ಸಾಮಗ್ರಿ ದೊರೆಯುತ್ತದೆ, 24 ಗಂಟೆ ಸೇವೆ’ ಎಂದು ಬರೆದು ಕೆಳಗೆ ಎರಡು ಮೊಬೈಲ್ ನಂಬರ್ ಹಾಕಿರುತ್ತಾರೆ. ಒಳಗೆ ಬಿದಿರು, ಹಗ್ಗ, ಮಡಕೆ, ಬಿಳಿ ಬಟ್ಟೆ, ಊದುಬತ್ತಿ. ಹೊರಗೆ ಫ್ರೀಜರ್ ಬಾಕ್ಸು, ಪಕ್ಕದಲ್ಲಿ ಶವ ಸಾಗಿಸುವ ಗಾಡಿ. ಅಪ್ಪ ಗಲ್ಲಾದಲ್ಲಿ ಕೂತರೆ ಮಗ ಗಾಡಿ ಓಡಿಸುತ್ತಾನೆ, ಮನೆಯ ಹೆಣ್ಣುಮಕ್ಕಳು ಹಾರ ಕಟ್ಟುತ್ತಾರೆ. ಇಡೀ ಮನೆ ಕೂಡಿ ನಡೆಸುವ ವ್ಯಾಪಾರ ಅದು.

ಅಲ್ಲಿ ಯಾರೂ ಹೆಚ್ಚು ಚೌಕಾಸಿ ಮಾಡುವುದಿಲ್ಲ. ಫ್ರೀಜರ್ ಬಾಕ್ಸಿಗೆ ದಿನಕ್ಕೆ ಇಷ್ಟು, ಗಾಡಿಗೆ ಕಿಲೋಮೀಟರಿಗೆ ಇಷ್ಟು, ಚಟ್ಟದ ಸಾಮಾನಿಗೆ ಇಷ್ಟು ಅಂದರೆ ಕೊಟ್ಟು ಬರುತ್ತಾರೆ. ಕೊಡಬೇಕಾದದ್ದೇ. ದಿಕ್ಕು ತೋಚದ ಹೊತ್ತಿನಲ್ಲಿ ಕೈಗೆ ಸಿಗುವ ಸಹಾಯ ಅದು. ಆ ಅಂಗಡಿಯವರ ಮೇಲೆ ನಮಗೆ ಯಾವ ತಕರಾರೂ ಇಲ್ಲ.

ನಮ್ಮ ತಕರಾರು ಬೇರೆ. ಆ ಗಾಡಿ ಊರು ಸೇರುವ ಹೊತ್ತಿಗೆ ಇನ್ನೊಂದು ಮನೆಯವರು ಹಾರೆ, ಗುದ್ದಲಿ ಹಿಡಿದು ಮಸಣ ಸೇರಿರುತ್ತಾರೆ. ಅವರದ್ದೂ ಮನೆತನದ ಕೆಲಸವೇ. ಅಜ್ಜ ಮಾಡಿದ, ಅಪ್ಪ ಮಾಡಿದ, ಈಗ ಮಗ ಮಾಡುತ್ತಿದ್ದಾನೆ. ಆದರೆ ಆ ಮನೆಗೆ ಬೋರ್ಡಿಲ್ಲ, ದರಪಟ್ಟಿ ಇಲ್ಲ, ಬಿಲ್ಲಿಲ್ಲ. ಮಣ್ಣು ಮುಚ್ಚಿ ಎಲ್ಲರೂ ಕೈಕಾಲು ತೊಳೆದ ಮೇಲೆ ಯಾರೋ ಹಿರಿಯರು ಜೇಬಿನಿಂದ ಒಂದಿಷ್ಟು ತೆಗೆದು ಕೊಡುತ್ತಾರೆ. ‘ಇಷ್ಟಕ್ಕೆ ಮುಗಿಸ್ಕೋ’ ಎಂಬ ಮಾತು ಜೊತೆಗೇ ಬರುತ್ತದೆ. ಕೆಲವು ಊರುಗಳಲ್ಲಿ ಅದೂ ಇಲ್ಲ. ಒಂದು ಟವೆಲ್ಲು, ಎಲೆ ಅಡಿಕೆ, ಒಂದು ಬಾಟಲಿ.

ಗುಂಡಿ ತೋಡುವುದು ಒಂದು ಕೆಲಸ. ಕೆಲಸಕ್ಕೆ ಕೂಲಿ ಇರಬೇಕು. ಆ ಕೂಲಿ ಎಷ್ಟೆಂದು ಮೊದಲೇ ಗೊತ್ತಿರಬೇಕು. ಬೇಡ ಅನ್ನಿಸಿದ ದಿನ ಬೇಡ ಎನ್ನುವ ಹಕ್ಕೂ ಇರಬೇಕು. ಈ ಮೂರನ್ನೂ ಜಾರಿ ಮಾಡುವುದು ನಮ್ಮ ಗ್ರಾಮ ಪಂಚಾಯಿತಿಗಳ ಕೈಯಲ್ಲೇ ಇದೆ. ಈ ಬರಹದಲ್ಲಿ ನಾವು ಹೇಳಬೇಕಾದದ್ದು ಇಷ್ಟು. ಯಾಕೆ, ಹೇಗೆ ಎಂಬುದನ್ನು ಮುಂದೆ ನೋಡೋಣ.

ನಾಲ್ಕು ಟನ್ ಮಣ್ಣು

ಕೆಲಸ ಎಷ್ಟೆಂದು ಮೊದಲು ಲೆಕ್ಕ ಹಾಕೋಣ. ಆರೂವರೆ ಅಡಿ ಉದ್ದ, ಮೂರಡಿ ಅಗಲ, ಐದಡಿ ಆಳ ಅಂದುಕೊಳ್ಳಿ. ಗುಣಿಸಿದರೆ 97 ಘನ ಅಡಿ ಮೇಲೆ ಬರುತ್ತದೆ. ಮರಳು, ಜಲ್ಲಿ ಹಾಕಿಸಿದವರಿಗೆ ಗೊತ್ತು, 100 ಘನ ಅಡಿ ಅಂದರೆ ಒಂದು ಬ್ರಾಸ್. ತೂಕದಲ್ಲಿ ಹೇಳಿದರೆ ಹೆಚ್ಚುಕಮ್ಮಿ ನಾಲ್ಕು ಟನ್ ಮಣ್ಣು. ಇಷ್ಟನ್ನೂ ಇಬ್ಬರು ಮೂವರು ಸೇರಿ ಮೂರ್ನಾಲ್ಕು ಗಂಟೆಯೊಳಗೆ ಮೇಲೆ ಎತ್ತಬೇಕು. ಆಮೇಲೆ ಅಷ್ಟನ್ನೂ ಮತ್ತೆ ಒಳಗೆ ತುಂಬಬೇಕು.

ಅದೂ ಹದವಾದ ಮಣ್ಣಾಗಿದ್ದರೆ ಒಂದು ಮಾತು. ಎರೆಭೂಮಿ ಬೇಸಿಗೆಯಲ್ಲಿ ಕಲ್ಲಿನಂತಾಗಿರುತ್ತದೆ, ಮಳೆಗಾಲದಲ್ಲಿ ತೋಡಿದಷ್ಟೂ ಕುಸಿಯುತ್ತದೆ. ಗರಸು ನೆಲದಲ್ಲಿ ಎರಡಡಿ ಇಳಿಯುವಷ್ಟರಲ್ಲಿ ಹಾರೆಯ ಮೊನೆ ಮೊಂಡಾಗುತ್ತದೆ. ಕೆರೆ ಪಕ್ಕದ ಮಸಣವಾದರೆ ನೀರು ಒಸರುತ್ತದೆ. ಜಾಗ ಸಾಲದ ಊರುಗಳಲ್ಲಿ ಹಳೆಯ ಗುಂಡಿಯ ಮೇಲೇ ಹೊಸ ಗುಂಡಿ ತೆಗೆಯಬೇಕು. ಮೂಳೆ ಸಿಕ್ಕರೆ ಯಾರಿಗೂ ಹೇಳದೆ ಒಂದು ಕಡೆ ಸರಿಸಿ, ಕೊನೆಗೆ ಅದೇ ಮಣ್ಣಿನೊಳಗೆ ಇಡುತ್ತಾರೆ. ಸತ್ತವರ ಮನೆಯವರ ಕಣ್ಣಿಗೆ ಅದು ಬೀಳದಂತೆ ನೋಡಿಕೊಳ್ಳುವುದೂ ಅವರ ಕೆಲಸದ ಒಳಗೇ ಸೇರಿದೆ.

ಎಲ್ಲರಿಗೂ ಒಂದೇ ಗುಂಡಿ ಅಲ್ಲ ಎಂಬುದನ್ನೂ ನೆನಪಿಡಬೇಕು. ಲಿಂಗಾಯತರಲ್ಲಿ ದೇಹವನ್ನು ಕುಳ್ಳಿರಿಸಿ ಮಣ್ಣು ಕೊಡುವ ಪದ್ಧತಿ ಇದೆ. ಒಳಗೆ ಒಂದು ಬದಿಗೆ ಗೂಡು ಕೊರೆಯಬೇಕು, ಅದು ಕುಸಿಯಬಾರದು, ಕುಳಿತ ದೇಹ ವಾಲಬಾರದು. ಮಲಗಿಸುವ ಜನರಿಗೆ ತಲೆ ಯಾವ ದಿಕ್ಕಿಗೆ ಎಂಬ ಲೆಕ್ಕ ಇದೆ. ಸುಡುವವರಿಗೆ ನಾಲ್ಕೈದು ಕ್ವಿಂಟಾಲ್ ಸೌದೆಯನ್ನು ಗಾಳಿ ಆಡುವಂತೆ ಒಟ್ಟಬೇಕು, ಯಾವ ಸೌದೆ ಕೆಳಗೆ ಯಾವುದು ಮೇಲೆ ಎಂದು ಗೊತ್ತಿರಬೇಕು. ಎಲ್ಲರೂ ಮನೆಗೆ ಹೋದ ಮೇಲೂ ಬೆಂಕಿ ಕಾಯಬೇಕು. ಊರಲ್ಲಿ ಯಾವ ಮನೆಯವರ ಶಾಸ್ತ್ರ ಏನು ಎಂಬುದನ್ನು ಈ ಮನೆಯವರು ಬಾಯಿಪಾಠ ಇಟ್ಟುಕೊಂಡಿರುತ್ತಾರೆ. ಯಾವ ಶಾಲೆಯಲ್ಲೂ ಕಲಿಸದ ಕಸುಬು ಇದು.

ಬಾವಿಗೆ ಬಿದ್ದು ಮೂರು ದಿನವಾದ ಹೆಣ, ನೇಣಿನಿಂದ ಇಳಿಸಬೇಕಾದ ಹೆಣ, ಪೋಸ್ಟ್‌ಮಾರ್ಟಮ್ ಆಗಿ ಬಟ್ಟೆ ಸುತ್ತಿ ಬಂದ ಹೆಣ. ಮನೆಯವರೇ ಹತ್ತಿರ ಹೋಗಲಾರದ ಹೊತ್ತಿನಲ್ಲಿ ಪೊಲೀಸರೂ ಊರವರೂ ಕರೆಯುವುದು ಇವರನ್ನೇ. ಕೈಗೆ ಗ್ಲೌಸ್ ಇಲ್ಲ, ಕಾಲಿಗೆ ಬೂಟಿಲ್ಲ.

ಈ ಕಸುಬಿನ ಬೆಲೆ ಗೊತ್ತಾಗಬೇಕಾದರೆ ಕೋವಿಡ್ ದಿನಗಳನ್ನು ನೆನೆಯಿರಿ. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಒಂದರ ಮೇಲೊಂದು ಗುಂಡಿಗೆ ಎಸೆದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಜಿಲ್ಲಾಡಳಿತ ಕ್ಷಮೆ ಕೇಳಬೇಕಾಯಿತು. ಮರುವರ್ಷದ ಎರಡನೇ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲು ನಿಂತವು, ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆ ಹೊತ್ತಿಸಬೇಕಾಯಿತು. ಹೆಣ ಇಳಿಸುವುದು ಯಾರು ಬೇಕಾದರೂ ಮಾಡುವ ಕೆಲಸ ಎಂದುಕೊಂಡಿದ್ದವರಿಗೆ ಆ ವಿಡಿಯೊ ಸಾಕಾಗಿತ್ತು. ಮರ್ಯಾದೆಯಿಂದ ಇಳಿಸಲು ತಿಳಿದ ಕೈ ಬೇಕು, ಸಮಯ ಬೇಕು, ಸಾಕಷ್ಟು ಜನ ಬೇಕು.

ಯಾರ್ಯಾರಿಗೆ ದರ ಇದೆ?

ಒಂದು ಸಾವಿನ ಖರ್ಚಿನ ಚೀಟಿ ಬರೆದು ನೋಡಿ. ಫ್ರೀಜರ್ ಬಾಕ್ಸು, ಗಾಡಿ, ಶಾಮಿಯಾನ, ಕುರ್ಚಿ, ಹೂವು, ಭಜನೆಯವರು, ಶಾಸ್ತ್ರ ಮಾಡಿಸುವ ಸ್ವಾಮಿಗಳ ಅಥವಾ ಪುರೋಹಿತರ ದಕ್ಷಿಣೆ, ಮೂರನೇ ದಿನದ ಊಟದ ಅಡುಗೆಯವರು, ಫ್ಲೆಕ್ಸಿನವರು. ಇವರೆಲ್ಲರಿಗೂ ಒಂದು ದರ ಇದೆ. ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಹಲಗೆ ಬಡಿಯುವವರಿಗೆ ಮತ್ತು ಗುಂಡಿ ತೋಡುವವರಿಗೆ ಮಾತ್ರ ‘ನೋಡಿ ಕೊಡೋಣ’.

ಈಗ ಕೆಲವು ಊರುಗಳಲ್ಲಿ ಜೆಸಿಬಿ ಬಂದಿದೆ. ಅದು ಅರ್ಧ ಗಂಟೆಯಲ್ಲಿ ಗುಂಡಿ ತೆಗೆದು ಹೋಗುತ್ತದೆ. ಬರುವ ಮೊದಲೇ ಬಾಡಿಗೆ ಮಾತಾಗಿರುತ್ತದೆ, ಒಂದು ಗಂಟೆಗಿಂತ ಕಮ್ಮಿ ಬಾಡಿಗೆ ಇಲ್ಲ ಅಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಯಂತ್ರಕ್ಕೆ ಡೀಸೆಲ್ ಬೇಕು ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಅದೇ ಗುಂಡಿಯ ಮೂಲೆ ಸರಿ ಮಾಡಲು, ಒಳಗಿಳಿದು ದೇಹ ಇಳಿಸಿಕೊಳ್ಳಲು, ಕೊನೆಗೆ ಮಣ್ಣು ಎಳೆಯಲು ಬೇಕಾದ ಮನುಷ್ಯನಿಗೂ ಹೊಟ್ಟೆ ಇದೆ ಎನ್ನುವುದು ಯಾಕೆ ಅರ್ಥವಾಗುವುದಿಲ್ಲ?

ಆ ದಿನ ಅವರು ಬಿಟ್ಟು ಬರುವ ಕೂಲಿಯ ಲೆಕ್ಕವನ್ನೂ ಹಾಕಿ. ಉದ್ಯೋಗ ಖಾತ್ರಿಯಲ್ಲಿ 2024-25ರಲ್ಲಿ ನಮ್ಮ ರಾಜ್ಯದ ದಿನಗೂಲಿ 349 ರೂಪಾಯಿ ಇತ್ತು. ಇಬ್ಬರು ಅರ್ಧ ದಿನಕ್ಕಿಂತ ಹೆಚ್ಚು ದುಡಿದರೆ ಸರ್ಕಾರದ ಆ ಕನಿಷ್ಠ ಲೆಕ್ಕದಲ್ಲೇ 700 ರೂಪಾಯಿ ಹತ್ತಿರ ಆಗುತ್ತದೆ. ಗಾರೆ ಕೆಲಸಕ್ಕೋ ಅಡಿಕೆ ಸುಲಿಯಲಿಕ್ಕೋ ಹೋಗಿದ್ದರೆ ಇನ್ನೂ ಹೆಚ್ಚು. ಸಾವಿಗೆ ಹೊತ್ತು ಗೊತ್ತಿಲ್ಲ. ಸುಗ್ಗಿಯ ದಿನ ಬರಬಹುದು, ಮಗಳ ನಿಶ್ಚಿತಾರ್ಥದ ದಿನ ಬರಬಹುದು. ಕರೆ ಬಂದರೆ ಹೋಗಲೇಬೇಕು.

ಬಾಟಲಿಯ ವಿಷಯವನ್ನೂ ಮುಚ್ಚಿಡುವುದು ಬೇಡ. ‘ಕುಡಿಯದೆ ಆ ಕೆಲಸ ಮಾಡೋಕಾಗಲ್ಲ ಬಿಡ್ರಿ’ ಎಂದು ಊರವರು ಸಲೀಸಾಗಿ ಹೇಳುತ್ತಾರೆ. ಗ್ಲೌಸ್ ಕೊಡದೆ, ಸೋಪು ಕೊಡದೆ, ಮಸಣದಲ್ಲಿ ಕೈತೊಳೆಯುವ ನಲ್ಲಿ ಹಾಕಿಸದೆ, ನಾತ ಮರೆಯಲಿ ಎಂದು ಸಾರಾಯಿ ಕೊಟ್ಟು ಅಭ್ಯಾಸ ಮಾಡಿಸಿದ್ದು ಯಾರು? ಆ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಗಂಡ ದುಡಿದ ದಿನ ಮನೆಗೆ ದುಡ್ಡಿನ ಬದಲು ಅಮಲು ಬರುವುದು ಹೇಗಿರುತ್ತದೆ ಎಂದು ಅವರು ಹೇಳುತ್ತಾರೆ.

‘ಅದು ಅವರ ಋಣದ ಕೆಲಸ’

ಕೂಲಿಯ ಮಾತು ತೆಗೆದ ಕೂಡಲೇ ಹಿರಿಯರು ಹೇಳುವ ಮಾತು ಇದು. ಹಿಂದಿನಿಂದ ಬಂದದ್ದು, ಊರಿಗೂ ಆ ಮನೆಗೂ ಋಣ ಇದೆ, ದುಡ್ಡಿನ ಲೆಕ್ಕ ತರಬೇಡಿ ಎನ್ನುತ್ತಾರೆ.

ಹಿಂದಿನ ಲೆಕ್ಕವನ್ನೇ ನೋಡೋಣ. ಆಗ ಇದು ಪುಕ್ಕಟೆ ಇರಲಿಲ್ಲ. ತೋಟಿ, ತಳವಾರ, ನೀರುಗಂಟಿಯಂಥ ಊರ ಚಾಕರಿಯವರಿಗೆ ಇನಾಂ ಜಮೀನಿತ್ತು, ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಅಳೆದು ಕೊಡುತ್ತಿದ್ದರು. ಅದು ನ್ಯಾಯವಾದ ವ್ಯವಸ್ಥೆ ಆಗಿತ್ತು ಎಂದು ನಾವು ಹೇಳುವುದಿಲ್ಲ, ಜಾತಿಯ ಮೇಲೆ ನಿಂತಿದ್ದ ವ್ಯವಸ್ಥೆ ಅದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ವಂಶಪಾರಂಪರ್ಯದ ಹುದ್ದೆಗಳು ಹೋದವು. ಕಾಲ ಸರಿದಂತೆ ಆಯದ ಕಾಳೂ ನಿಂತಿತು. ಕೊಡುವುದೆಲ್ಲ ನಿಂತ ಮೇಲೂ ಮಾಡಿಸಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಹಾಗಾದರೆ ಈಗ ಋಣ ಯಾರದ್ದು, ಯಾರ ಮೇಲಿದೆ?

ಕಾನೂನಂತೂ ಸ್ಪಷ್ಟವಾಗಿದೆ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸಾಲಕ್ಕೆ ಇಟ್ಟ ಜೀತವನ್ನಷ್ಟೇ ಹೇಳುವುದಿಲ್ಲ. ರೂಢಿಯ ಕಟ್ಟುಪಾಡಿಗೆ, ವಂಶದಿಂದ ಬಂದ ಹೊಣೆಗೆ, ಒಂದು ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ದುಡಿಸಿಕೊಳ್ಳುವುದನ್ನೂ ಅದು ಹೆಸರಿಸುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದು 2016ರ ಜನವರಿ 26ರಿಂದ ಜಾರಿಯಲ್ಲಿದೆ. ಪರಿಶಿಷ್ಟರಿಂದ ಹೆಣ ಅಥವಾ ಸತ್ತ ಪ್ರಾಣಿ ಹೊರಿಸುವುದು, ಗುಂಡಿ ತೋಡಿಸುವುದು ದೌರ್ಜನ್ಯ ಎಂದು ಅದರಲ್ಲಿ ಬರೆದೇ ಇದೆ.

ನಮ್ಮ ಭಾಗದ ಬಹುತೇಕ ಊರುಗಳಲ್ಲಿ ಗುಂಡಿ ತೋಡುವ ಮನೆ ಇರುವುದು ದಲಿತ ಕೇರಿಯಲ್ಲೇ. ‘ಈ ಸಲ ಆಗಲ್ಲ’ ಎಂದರೆ ಏನಾಗುತ್ತದೆ ಎಂಬುದೂ ಊರಿನಲ್ಲಿ ಎಲ್ಲರಿಗೂ ಗೊತ್ತು. ಕೂಲಿಗೆ ಕರೆಯುವುದು ನಿಲ್ಲುತ್ತದೆ, ಅಂಗಡಿಯಲ್ಲಿ ಉದ್ರಿ ನಿಲ್ಲುತ್ತದೆ, ಮಾತು ನಿಲ್ಲುತ್ತದೆ. ಹೆದರಿಕೆಯಿಂದ ಮಾಡುವ ಕೆಲಸಕ್ಕೆ ಋಣ ಎಂಬ ಒಳ್ಳೆಯ ಹೆಸರು ಇಡಬಾರದು.

ಹರಿಶ್ಚಂದ್ರನ ಕತೆ ಏನು ಹೇಳುತ್ತದೆ?

ದುಡ್ಡು ಕೇಳಿದರೆ ಪಾಪ ಎನ್ನುವವರಿಗೆ ನಾವು ಹರಿಶ್ಚಂದ್ರನ ಕತೆ ನೆನಪಿಸುತ್ತೇವೆ. ರಾಘವಾಂಕನ ಕಾವ್ಯದಿಂದ ಹಿಡಿದು 1965ರಲ್ಲಿ ಬಂದ ರಾಜ್‌ಕುಮಾರ್ ಸಿನಿಮಾದವರೆಗೆ, ಊರ ಬಯಲಾಟದವರೆಗೆ ಎಲ್ಲರಿಗೂ ಗೊತ್ತಿರುವ ಕತೆ. ರಾಜ್ಯ ಹೋದ ಅರಸ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಾನೆ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತಾಯಿ ಬರುತ್ತಾಳೆ. ಆಗಲೂ ಅವನು ಮಸಣಕ್ಕೆ ಸಲ್ಲಬೇಕಾದ್ದು ಸಲ್ಲದೆ ಸುಡಲು ಬಿಡುವುದಿಲ್ಲ. ಸತ್ತವನು ತನ್ನ ಮಗ, ಬಂದವಳು ತನ್ನ ಹೆಂಡತಿ ಎಂದು ಗೊತ್ತಾದ ಮೇಲೂ ಬಿಡುವುದಿಲ್ಲ. ಅದಕ್ಕೇ ಅವನನ್ನು ಸತ್ಯವಂತ ಎಂದು ಕರೆದರು.

ಆ ಕತೆ ಕೇಳಿ ಕಣ್ಣೀರು ಹಾಕುವ ಊರೇ, ಮರುದಿನ ಮಸಣ ಕಾಯುವವನು ಕೂಲಿ ಕೇಳಿದರೆ ‘ಹೆಣದ ಮೇಲಿನ ಕಾಸು ಕೇಳ್ತಾನೆ’ ಎನ್ನುತ್ತದೆ. ಕೋವಿಡ್ ಆದ ಮೇಲೆ ಬೆಂಗಳೂರಿನ ಚಿತಾಗಾರಗಳ ಕಾರ್ಮಿಕರನ್ನು ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಕರೆಯುವುದಾಗಿ, ಕಾಯಂ ಮಾಡುವುದಾಗಿ ಸರ್ಕಾರ ಹೇಳಿತು. ರಾಜಧಾನಿಯವರಿಗೆ ಹೆಸರಾದರೂ ಬಂತು. ಹಳ್ಳಿಯ ಮಸಣದಲ್ಲಿ ದುಡಿಯುವವರು ಯಾವ ಪಟ್ಟಿಯಲ್ಲೂ ಇಲ್ಲ. ಪಂಚಾಯಿತಿಯ ವಾಟರ್‌ಮನ್‌ಗೆ ಒಂದು ಹುದ್ದೆ ಇದೆ, ಬಿಲ್ ಕಲೆಕ್ಟರ್‌ಗೆ ಹುದ್ದೆ ಇದೆ, ಇವರಿಗಿಲ್ಲ. ಕರ್ನಾಟಕ ರಾಜ್ಯ ಮಸಣ ಕಾರ್ಮಿಕರ ಸಂಘದವರು ಇದೇ ಬೇಡಿಕೆ ಇಟ್ಟು ವರ್ಷಗಳಿಂದ ತಾಲ್ಲೂಕು ಕಚೇರಿಗಳ ಮುಂದೆ ಕೂರುತ್ತಿದ್ದಾರೆ. ನಮ್ಮನ್ನು ಗುರುತಿಸಿ, ಕೂಲಿ ಕೊಡಿ, ವಯಸ್ಸಾದವರಿಗೆ ಪಿಂಚಣಿ ಕೊಡಿ ಎನ್ನುತ್ತಿದ್ದಾರೆ.

ಬೇರೆ ಕಡೆ ಹೇಗಿದೆ?

ಇದೇ ಕೆಲಸವನ್ನು ಮನೆತನದ ಕಸುಬಾಗಿ ಮಾಡುವ ಜನ ಬೇರೆ ದೇಶಗಳಲ್ಲೂ ಇದ್ದಾರೆ. ಅಮೆರಿಕದ ಸಣ್ಣ ಊರುಗಳಲ್ಲಿ ‘ಫ್ಯೂನರಲ್ ಹೋಮ್’ ಎಂದಿರುತ್ತದೆ. ಎಷ್ಟೋ ಕಡೆ ಒಂದೇ ಮನೆಯವರು ತಲೆಮಾರುಗಳಿಂದ ನಡೆಸುತ್ತಾರೆ, ಬಾಗಿಲ ಮೇಲೆ ಮನೆತನದ ಹೆಸರೇ ಇರುತ್ತದೆ. ದೇಹ ತರುವುದರಿಂದ ಮಣ್ಣು ಮಾಡುವವರೆಗೆ ಎಲ್ಲ ವ್ಯವಸ್ಥೆ ಅವರದ್ದು. ದುಃಖದಲ್ಲಿರುವವರಿಂದ ಹೆಚ್ಚು ಕಿತ್ತುಕೊಳ್ಳುತ್ತಾರೆ ಎಂಬ ದೂರು ಅಲ್ಲಿ ಬಹಳ ಇತ್ತು. ಅದಕ್ಕೆ 1984ರಲ್ಲಿ ಒಂದು ನಿಯಮ ಬಂತು. ಯಾವ ಕೆಲಸಕ್ಕೆ ಎಷ್ಟು ಎಂದು ಬರೆದ ದರಪಟ್ಟಿಯನ್ನು ಬಂದು ಕೇಳಿದವರ ಕೈಗೆ ಕೊಡಲೇಬೇಕು, ಫೋನಿನಲ್ಲಿ ಕೇಳಿದರೂ ದರ ಹೇಳಲೇಬೇಕು. ಅಲ್ಲಿ ದರಪಟ್ಟಿ ಬಂದದ್ದು ಕೊಡುವವರನ್ನು ಕಾಪಾಡಲು. ನಮ್ಮಲ್ಲಿ ಬೇಕಾಗಿರುವುದು ದುಡಿಯುವವರನ್ನು ಕಾಪಾಡಲು. ಹಾಳೆ ಒಂದೇ, ಎರಡೂ ಕಡೆಯವರಿಗೆ ಆಗುತ್ತದೆ.

ಅಲ್ಲಿಯದೇ ಇನ್ನೊಂದು ವಿಷಯ ನಮಗೆ ಹೆಚ್ಚು ಹತ್ತಿರದ್ದು. ಬಣ್ಣದ ಭೇದ ಇದ್ದ ಕಾಲದಲ್ಲಿ ಕಪ್ಪುಜನರ ಹೆಣವನ್ನು ಬಿಳಿಯರು ಮರ್ಯಾದೆಯಿಂದ ನೋಡುತ್ತಿರಲಿಲ್ಲ. ಹಾಗಾಗಿ ಕಪ್ಪುಜನರ ಮನೆಗಳೇ ಈ ಕಸುಬು ಹಿಡಿದವು. ಸ್ವಂತ ಕಟ್ಟಡ, ಸ್ವಂತ ಗಾಡಿ, ಸ್ವಂತ ಲೆಕ್ಕ ಇದ್ದುದರಿಂದ ಯಾರ ಹಂಗೂ ಇಲ್ಲದೆ ಬೆಳೆದು ತಮ್ಮ ಸಮುದಾಯದ ಮುಂದಾಳುಗಳಾದವು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಹೊಡೆದು ಕೊಂದರು. ಪೆಟ್ಟಿಗೆ ತೆರೆಯಬಾರದು ಎಂಬ ಕರಾರಿನ ಮೇಲೆ ದೇಹವನ್ನು ಷಿಕಾಗೋಗೆ ಕಳಿಸಿದ್ದರು. ಮಗನಿಗೆ ಏನು ಮಾಡಿದ್ದಾರೆಂದು ಲೋಕ ನೋಡಲಿ ಎಂದು ತಾಯಿ ಪಟ್ಟು ಹಿಡಿದಳು. ರೇನರ್ ಮನೆತನದ ಫ್ಯೂನರಲ್ ಹೋಮಿನವರು ಪೆಟ್ಟಿಗೆ ತೆರೆದರು. ಸಾವಿರಾರು ಜನ ಸಾಲುಗಟ್ಟಿ ನೋಡಿದರು, ಪತ್ರಿಕೆಯಲ್ಲಿ ಫೋಟೊ ಬಂತು, ಅಲ್ಲಿಯ ಸಮಾನತೆಯ ಹೋರಾಟಕ್ಕೆ ಅದು ಕಿಚ್ಚು ಹಚ್ಚಿತು.

ಹೆಣದ ಕೆಲಸ ಮಾಡುವ ಮನೆ ಊರಿನ ಭಯದಲ್ಲಿ ಇಲ್ಲದಿದ್ದರೆ ಸತ್ಯವನ್ನೂ ಎತ್ತಿ ಹಿಡಿಯಬಲ್ಲದು. ನಮ್ಮೂರುಗಳಲ್ಲಿ ಮೈಮೇಲಿನ ಬಾಸುಂಡೆಯನ್ನು, ಕುತ್ತಿಗೆಯ ಗುರುತನ್ನು ಕೊನೆಗೆ ಹತ್ತಿರದಿಂದ ಕಾಣುವವರು ಇವರೇ ಅಲ್ಲವೇ? ಎಷ್ಟು ಜನ ಬಾಯಿ ಬಿಡುವ ಸ್ಥಿತಿಯಲ್ಲಿದ್ದಾರೆ?

‘ಕೂಲಿ ಬೇಡ, ಕೆಲಸವೇ ಬೇಡ’

ನಮ್ಮ ವಾದಕ್ಕೆ ನಿಜವಾಗಿ ಎದುರು ನಿಲ್ಲುವ ಮಾತು ಹಿರಿಯರದ್ದಲ್ಲ, ಆ ಕೇರಿಯ ಓದಿದ ಹುಡುಗರದ್ದು. ಕೂಲಿ ನಿಗದಿ ಮಾಡಿದರೆ ಈ ಕೆಲಸವನ್ನು ನಮ್ಮ ಜಾತಿಗೇ ಮೊಳೆ ಹೊಡೆದು ಕೂರಿಸಿದಂತಾಗುತ್ತದೆ, ಬಿಟ್ಟುಬಿಡುವುದೇ ಸರಿ ಎನ್ನುತ್ತಾರೆ. ಸತ್ತ ದನ ಹೊರುವುದನ್ನು ನಿಲ್ಲಿಸಿ ಎಂದು ಅಂಬೇಡ್ಕರ್ 1927ರಲ್ಲಿ ಮಹಾಡದಲ್ಲಿ ಕರೆ ಕೊಟ್ಟದ್ದನ್ನು ನೆನಪಿಸುತ್ತಾರೆ.

ಈ ಮಾತನ್ನು ತಳ್ಳಿಹಾಕಲು ಬರುವುದಿಲ್ಲ. ಬಿಡಬೇಕು ಎನ್ನುವವರು ಬಿಡಲಿ, ಅವರಿಗೆ ಯಾರೂ ಅಡ್ಡ ಬರಬಾರದು, ಅಡ್ಡ ಬಂದರೆ ದೂರು ಕೊಡಲು ಕಾನೂನಿದೆ. ಆದರೆ ಇವತ್ತು 55 ವರ್ಷ ದಾಟಿದ ಅಪ್ಪಂದಿರು ಆ ಕೆಲಸ ಮಾಡುತ್ತಲೇ ಇದ್ದಾರೆ. ಅವರು ನಾಳೆಯೂ ಕರೆ ಬಂದರೆ ಹೋಗುತ್ತಾರೆ. ಅವರು ಖಾಲಿ ಕೈಯಲ್ಲಿ ಮನೆಗೆ ಬರಬೇಕೆ ಎಂಬುದು ನಮ್ಮ ಪ್ರಶ್ನೆ.

ಜಾತಿಗೆ ಅಂಟಿಕೊಳ್ಳದಂತೆ ಮಾಡಲು ದಾರಿಯೂ ಇದೆ. ಪಂಚಾಯಿತಿ ಈ ಕೆಲಸಕ್ಕೆ ಜನ ಬೇಕು ಎಂದು ಡಂಗುರ ಹೊಡೆಸಲಿ, ನೋಟಿಸ್ ಅಂಟಿಸಲಿ, ಯಾವ ಕೇರಿಯಿಂದಾದರೂ ಬರಲಿ. ಅಪ್ಪ ಮಾಡಿದ ಎಂದು ಮಗನ ಹೆಸರು ಬರೆಯಬಾರದು. ಸರಿಯಾದ ಕೂಲಿ, ಬೂಟು, ಗ್ಲೌಸು ಇದ್ದರೆ ಬೇರೆಯವರೂ ಬರುತ್ತಾರೆ. ಕೋವಿಡ್ ಹೊತ್ತಿನಲ್ಲಿ ರಾಜ್ಯದ ಎಷ್ಟೋ ಕಡೆ ಜಾತಿ, ಧರ್ಮ ನೋಡದೆ ಯುವಕರ ತಂಡಗಳು ಹೆಣ ಹೊತ್ತು ಮಣ್ಣು ಮಾಡಿದವು. ಯಾರೂ ಬಾರದಿದ್ದರೆ ಸತ್ತವರ ನೆಂಟರೇ ಗುದ್ದಲಿ ಹಿಡಿಯಲಿ. ಈಗಾಗಲೇ ಕೆಲವು ಸಮುದಾಯಗಳಲ್ಲಿ ನೆಂಟರೇ ತೋಡುತ್ತಾರೆ, ಅದರಿಂದ ಯಾರ ಮರ್ಯಾದೆಯೂ ಹೋಗಿಲ್ಲ.

ಬಡವರು ಎಲ್ಲಿಂದ ಕೊಡಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಸರಿಯಾದ ಪ್ರಶ್ನೆ. ಬಿಪಿಎಲ್ ಕುಟುಂಬಗಳಿಗೆ ಅಂತ್ಯಸಂಸ್ಕಾರಕ್ಕೆಂದು 5,000 ರೂಪಾಯಿ ಕೊಡುವ ಯೋಜನೆಯನ್ನು ಸರ್ಕಾರ ತಂದದ್ದು ಇದಕ್ಕೇ. ಆದರೆ ಮಣ್ಣು ಮಾಡುವ ದಿನ ಮನೆಯವರ ಕೈಯಲ್ಲಿ ಆ ದುಡ್ಡು ಇರುವುದಿಲ್ಲ. ಅದಕ್ಕೇ ಕೂಲಿಯನ್ನು ಸತ್ತವರ ಮನೆಯವರಿಂದ ಕೊಡಿಸುವ ಬದಲು ಪಂಚಾಯಿತಿಯೇ ಕೊಡಲಿ ಎನ್ನುತ್ತೇವೆ. ಬಡವರ ಬಡತನದ ಭಾರವನ್ನು ಇನ್ನೊಬ್ಬ ಬಡವನ ಬೆನ್ನ ಮೇಲೆ ಹೊರಿಸುವುದು ಬೇಡ.

ಪಂಚಾಯಿತಿ ಏನು ಮಾಡಬೇಕು?

ಸಂವಿಧಾನದಲ್ಲಿ ಮಸಣದ ವಿಷಯವನ್ನು ರಾಜ್ಯಗಳ ಪಟ್ಟಿಗೆ ಹಾಕಿದ್ದಾರೆ. ದಿಲ್ಲಿಯ ಕಡೆ ನೋಡಬೇಕಾಗಿಲ್ಲ. ಮಸಣ ಇಲ್ಲದ ಊರುಗಳಿಗೆ ಜಾಗ ಕೊಡಿ ಎಂದು 2019ರಲ್ಲಿ ರಾಜ್ಯ ಹೈಕೋರ್ಟ್ ಸರ್ಕಾರಕ್ಕೆ ಹೇಳಿತು. ಆಮೇಲೂ ಕೆಲಸ ಆಗದೆ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬೇಕಾಯಿತು. ಜಾಗದ ಕತೆಯೇ ಹೀಗಿದ್ದರೆ ಜಾಗದಲ್ಲಿ ದುಡಿಯುವವರ ಕತೆ ತಾನಾಗಿ ಮೇಲೆ ಬರುವುದಿಲ್ಲ. ಊರಿನವರೇ ಎತ್ತಬೇಕು. ನಮ್ಮ ಪ್ರಕಾರ ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಇವು:

1. ಗುಂಡಿ ತೋಡಿ ಮುಚ್ಚಲು ಎಷ್ಟು, ಸೌದೆ ಒಟ್ಟಿ ಬೆಂಕಿ ಕಾಯಲು ಎಷ್ಟು ಎಂದು ಠರಾವು ಮಾಡಿ, ದರಪಟ್ಟಿಯನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಬೇಕು. ಎಷ್ಟು ಜನ, ಎಷ್ಟು ಹೊತ್ತು ಎಂಬ ಲೆಕ್ಕದ ಮೇಲೆ ದರ ನಿಲ್ಲಬೇಕು, ಉದ್ಯೋಗ ಖಾತ್ರಿ ಕೂಲಿಗಿಂತ ಕಮ್ಮಿ ಇರಬಾರದು.

2. ಹಣವನ್ನು ಪಂಚಾಯಿತಿಯ ಸ್ವಂತ ತೆರಿಗೆ ಹಣದಿಂದ ದುಡಿದವರ ಬ್ಯಾಂಕ್ ಖಾತೆಗೆ ಹಾಕಬೇಕು. ಊರ ಹಿರಿಯರ ಜೇಬಿನಿಂದ ಬರುವ ಪದ್ಧತಿ ನಿಲ್ಲಬೇಕು.

3. ಹಾರೆ, ಗುದ್ದಲಿ, ಸಲಿಕೆ, ಬುಟ್ಟಿ, ಹಗ್ಗ, ಬೂಟು, ಗ್ಲೌಸು, ಸೋಪನ್ನು ಪಂಚಾಯಿತಿಯೇ ಕೊಡಬೇಕು. ಮಸಣದಲ್ಲಿ ಒಂದು ನಲ್ಲಿ, ಒಂದು ದೀಪ, ಮಳೆಗೆ ನಿಲ್ಲಲು ಒಂದು ಶೆಡ್ ಬೇಕು. ಮಸಣ ಅಭಿವೃದ್ಧಿಯ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಪಂಚಾಯಿತಿಗಳು ಮಾಡಿಸಿವೆ. ಕಾಂಪೌಂಡು, ಗೇಟು ಹಾಕಿಸಿದವರು ಒಳಗೆ ದುಡಿಯುವವರಿಗೆ ನೀರನ್ನೂ ಹಾಕಿಸಬಹುದು.

4. ಮಸಣಕ್ಕೊಂದು ರಿಜಿಸ್ಟರ್ ಇಡಬೇಕು. ಸತ್ತವರ ಹೆಸರು, ದಿನ, ಗುಂಡಿ ಎಲ್ಲಿದೆ, ಕೆಲಸ ಮಾಡಿದವರು ಯಾರು ಎಂದು ಬರೆಯಬೇಕು.

5. ಹೆಸರು ಬರೆಸಲು ಎಲ್ಲ ಕೇರಿಯವರಿಗೂ ಅವಕಾಶ ಇರಬೇಕು. ಬರೆಸಿದ ಹೆಸರನ್ನು ಯಾವಾಗ ಬೇಕಾದರೂ ವಾಪಸ್ ತೆಗೆಯುವ ಹಕ್ಕು ಇರಬೇಕು.

6. ಕೂಲಿಯ ಬದಲು ಬಾಟಲಿ ಕೊಡುವಂತಿಲ್ಲ ಎಂದು ಅದೇ ಠರಾವಿನಲ್ಲಿ ಬರೆಸಬೇಕು.

ನಾಲ್ಕನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದು ಎಲ್ಲರ ಮನೆಗೂ ಬೇಕಾದದ್ದು. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಮಸಣ ನೋಡಿಕೊಳ್ಳುವವರ ಹೆಸರೂ ಇದೆ. ಅಲ್ಲಿಗೆ ಬಂದ ಸಾವಿನ ವಿಷಯವನ್ನು ನೋಂದಣಿ ಮಾಡುವವರಿಗೆ ತಿಳಿಸುವ ಹೊಣೆಯನ್ನು ಕಾನೂನು ಅವರಿಗೂ ಕೊಟ್ಟಿದೆ. ಅಂದರೆ ಸರ್ಕಾರದ ಕಣ್ಣಿಗೆ ಅವರು 1969ರಲ್ಲೇ ಕಂಡಿದ್ದಾರೆ. ಹೊಣೆ ಕೊಟ್ಟರು, ಹುದ್ದೆ ಕೊಡಲಿಲ್ಲ. ಸಾವನ್ನು 21 ದಿನದೊಳಗೆ ಬರೆಸಿದರೆ ಸುಲಭ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶಕ್ಕೆ ಅಲೆಯಬೇಕು. ಮರಣ ಪತ್ರ ಇಲ್ಲದೆ ಪೌತಿ ಖಾತೆ ಆಗುವುದಿಲ್ಲ, ವಿಧವಾ ವೇತನ ಬರುವುದಿಲ್ಲ, ಇನ್ಶೂರೆನ್ಸ್ ದುಡ್ಡು ಸಿಗುವುದಿಲ್ಲ. ಅಪ್ಪ ಸತ್ತು ಹತ್ತು ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇರುವ ಎಷ್ಟು ಮನೆಗಳು ನಿಮ್ಮ ಓಣಿಯಲ್ಲಿವೆ ಎಣಿಸಿ ನೋಡಿ. ಮಸಣದಲ್ಲೊಂದು ರಿಜಿಸ್ಟರ್, ಅದನ್ನು ಬರೆಯಲು ಕೂಲಿ ಪಡೆಯುವ ಒಬ್ಬರು ಇದ್ದರೆ ಆ ತಾಪತ್ರಯದಲ್ಲಿ ಅರ್ಧ ಕಮ್ಮಿಯಾಗುತ್ತದೆ.

ಖರ್ಚು ಹೆಚ್ಚಾಗುತ್ತದೆ ಎಂದು ಪಂಚಾಯಿತಿಯವರು ಹೇಳಬಹುದು. ನಿಮ್ಮ ಪಂಚಾಯಿತಿಯಲ್ಲಿ ಹೋದ ವರ್ಷ ಎಷ್ಟು ಸಾವು ನೋಂದಣಿಯಾಗಿವೆ ಎಂದು ಕೇಳಿ. ಉದಾಹರಣೆಗೆ 40 ಎಂದುಕೊಳ್ಳಿ. ಒಂದಕ್ಕೆ 1,500 ರೂಪಾಯಿ ಇಟ್ಟರೂ ವರ್ಷಕ್ಕೆ 60,000 ರೂಪಾಯಿ. ಎಷ್ಟು ಬೀದಿ ದೀಪಕ್ಕೆ, ಎಷ್ಟು ಮೋಟಾರ್ ರಿಪೇರಿಗೆ ಬಿಲ್ ಆಗಿದೆ ಎಂಬುದರ ಪಕ್ಕದಲ್ಲಿ ಈ ಲೆಕ್ಕ ಇಟ್ಟು ನೋಡಿದರೆ ದುಡ್ಡಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಈ ಬರಹ ಓದಿದವರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವಾಗ ಎಂದು ಪಿಡಿಒ ಅವರನ್ನು ಕೇಳಿ ತಿಳಿದುಕೊಳ್ಳಿ. ಅದಕ್ಕೂ ಮೊದಲು ಗುಂಡಿ ತೋಡುವ ಮನೆಯವರ ಹತ್ತಿರ ಹೋಗಿ, ಅವರಿಗೆ ಏನು ಬೇಕು ಎಂದು ಕೇಳಿ. ಕೂಲಿ ಬೇಕೋ, ಬಿಡುಗಡೆ ಬೇಕೋ, ಎರಡೂ ಬೇಕೋ, ಅವರೇ ಹೇಳಲಿ. ಅವರು ಹೇಳಿದ್ದನ್ನು ಒಂದು ಅರ್ಜಿಯಾಗಿ ಬರೆದು, ಹತ್ತು ಜನರ ಸಹಿ ಹಾಕಿಸಿ, ಸಭೆಯಲ್ಲಿ ಓದಿ, ಸ್ವೀಕೃತಿ ಪಡೆಯಿರಿ. ಠರಾವು ಆದರೆ ಅದರ ಫೋಟೊ ನಮಗೆ ಕಳಿಸಿ, ಬೇರೆ ಊರಿನವರಿಗೆ ಮಾದರಿ ಆಗುತ್ತದೆ. ಆಗುವುದಿಲ್ಲ ಎಂದರೆ ಯಾಕೆ ಎಂದು ಬರೆದು ಕೊಡಲು ಹೇಳಿ, ಅದನ್ನೂ ಕಳಿಸಿ.